ಕೂತು ಮಾತಾಡು ಎಂದ ವಾರ್ಡನಮ್ಮ

ನಮ್ಮ ಪಕ್ಕದ ಮನೆಯ ವಾರ್ಡನಮ್ಮನಿಗೆ ಯಾರಾದರೂ ನಿಂತುಕೊಂಡು ಮಾತಾಡಿದರೆ ಮೈ ಉರಿಯುತ್ತಿತ್ತು. ಬಾಗಿಲಲ್ಲಿ ಸೆರಗು ಹಿಡಿದು ನಿಂತವರನ್ನು ಕಂಡರೆ ಒಳಗಿನಿಂದಲೇ ಕೂಗುವರು: "ಯಾಕಮ್ಮಿ, ನಮ್ಮನೆ ಕುರ್ಚಿ ಕಚ್ತದಾ? ಬಂದು ಕುಂತ್ಕೊ." ಕೂತರೂ ಸಾಲದು. ತುದಿಯಲ್ಲಿ ಕೂತವರ ಭುಜ ಹಿಡಿದು ಹಿಂದಕ್ಕೆ ಒರಗಿಸುವರು. "ಪೂರ್ತಿ ಕುಂತ್ಕೊ. ಮಿಕ್ಕಿದ್ದು ಯಾರಿಗೆ ಬುಟ್ಟಿದ್ದೀಯೆ?"

ಅವರ ಹೆಸರು ಸಿದ್ದರಾಜಮ್ಮ. ಚಾಮರಾಜನಗರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆಗಿದ್ದು, ನಿವೃತ್ತಿಯಾದ ಮೇಲೆ ಗುಂಡ್ಲುಪೇಟೆಗೆ ಬಂದವರು. ಮದುವೆಯಾಗಿರಲಿಲ್ಲ. ದಪ್ಪ ದನಿ, ಎಣ್ಣೆ ಹಚ್ಚಿ ಬಿಗಿದ ತುರುಬು, ಕಾಲಿಗೆ ಗಂಡಸರ ಚಪ್ಪಲಿ. ಅವರ ಹಾಸ್ಟೆಲಿನಲ್ಲಿ ಓದಿದವರು ಈಗ ನರ್ಸು, ಗುಮಾಸ್ತೆ, ಬಸ್ ಕಂಡಕ್ಟರು ಎಂದು ಜಿಲ್ಲೆಯಲ್ಲೆಲ್ಲ ಇದ್ದಾರೆ. ಆದರೂ ಒಬ್ಬರಿಗಾದರೂ ಫೋನ್ ಮಾಡಿ "ಇವಳಿಗೊಂದು ಕೆಲಸ ಕೊಡಿಸು" ಎಂದವರಲ್ಲ. ಹುಡುಗಿಯನ್ನೇ ಕಳಿಸುವರು, ಕಳಿಸುವ ಮುಂಚೆ ಪಾಠ ಮಾಡುವರು.

"ಕೆಲ್ಸ ಕೊಡಿ ಅಂದ್ರೆ ಜನ ಎದುರ್ಕತಾರೆ ಕಣಮ್ಮಿ. ಅವ್ರೇನು ಜೋಬಲ್ಲಿ ಕೆಲ್ಸ ಇಟ್ಕಂಡಿರ್ತಾರ? ನೀವು ಈ ಕೆಲ್ಸಕ್ಕೆ ಎಂಗೆ ಬಂದ್ರಿ ಅಂತ ಕೇಳು. ತಮ್ಮ ಕತೆ ಹೇಳಕ್ಕೆ ಯಾರಿಗೆ ಆಸೆ ಇಲ್ಲ? ಕಾಫಿ ಕೊಟ್ಟು ಹೇಳ್ತಾರೆ. ಕೊಟ್ಟ ಕಾಫಿ ಬೇಡ ಅನ್ಬೇಡ, ಕುಡಿ."

ನನ್ನ ಮಗಳು ಪವಿತ್ರ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಳು. ಮೊಬೈಲಿನಲ್ಲೇ ಅಲ್ಲಿಗೂ ಇಲ್ಲಿಗೂ ಅರ್ಜಿ ಹಾಕುವಳು, ಯಾರಿಂದಲೂ ಉತ್ತರವಿಲ್ಲ. ಯಜಮಾನರ ಅಣ್ಣ, ನಮ್ಮ ಭಾವ, ದೊಡ್ಡವರ ಹಿಂದೆ ಓಡಾಡುವವರು. "ನಾನೊಂದು ಫೋನ್ ಹಾಕುದ್ರೆ ಆಯ್ತು" ಎಂದು ಬಂದಾಗೆಲ್ಲ ಹೇಳುವರು. ಯಜಮಾನರಿಗೆ ಸೊಸೈಟಿಯಲ್ಲಿ ಕೆಲಸ ಕೊಡಿಸಿದ್ದೂ ಅವರೇ. ಅಂದಿನಿಂದ ಅವರ ಮನೆಯ ಯಾವ ಕಾರ್ಯವಾದರೂ ನಾನು ಪಾತ್ರೆ ಹತ್ತಿರ, ಯಜಮಾನರು ಕಾರು ಒರೆಸಲು. ಎದುರು ಮಾತಾಡುವ ಹಾಗಿಲ್ಲ. ಆ ಹಂಗು ಮಗಳ ತಲೆಗೂ ಏರುವುದು ನನಗೆ ಬೇಡವಾಗಿತ್ತು. ಬೇಡ ಅನ್ನುವ ಧೈರ್ಯವೂ ಇರಲಿಲ್ಲ.

ನಾನು ನಲ್ಲಿಯಲ್ಲಿ ನೀರು ಬಂದರೂ ಹಾಲು ಒಡೆಯದೆ ಕಾದರೂ ಕೈಮುಗಿಯುವವಳು. "ದೇವ್ರು ಕಣ್ಬುಟ್ರೆ ಸಿಗ್ತದೆ ಬುಡಿ" ಎಂದೆ ವಾರ್ಡನಮ್ಮನಿಗೆ.

"ದೇವ್ರು ಕಣ್ಬುಟ್ಟಾಗ ನಿನ್ ಮಗ್ಳು ಕದದ ಹಿಂದೆ ನಿಂತಿದ್ರೆ ಎಂಗೆ ಕಂಡಾಳು?" ಎಂದರು.

ಒಂದು ಶನಿವಾರ ವಾರ್ಡನಮ್ಮ, ಪವಿತ್ರ, ನಾನು ಮೂವರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಬೆಟ್ಟದ ಬುಡದಲ್ಲಿ ಬಸ್ಸಿಗೆ ಕಾಯುವಾಗ ವಾರ್ಡನಮ್ಮ ಪಕ್ಕದ ಹೆಂಗಸನ್ನು ಮಾತಿಗೆಳೆದರು. ಶೈಲಜಾ ಎಂದು, ಚಾಮರಾಜನಗರದ ಒಂದು ಲ್ಯಾಬಿನಲ್ಲಿ ಕೆಲಸ. ಅವರು ಪವಿತ್ರಳ ಕಡೆ ತಿರುಗಿ, "ನೀವೇನು ಮಾಡ್ತಿದ್ದೀರಾ?" ಎಂದರು.

"ಸುಮ್ನೆ ಮನೇಲಿದ್ದೀನಿ ಮೇಡಂ."

"ಸುಮ್ನಂತೆ!" ವಾರ್ಡನಮ್ಮನ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ಹಂಗಳದ ಆಸ್ಪತ್ರೇಲಿ ಟ್ರೈನಿಂಗು ಅಂತ ಊರೋರ್ ರಕ್ತ ಎಲ್ಲಾ ತಗುದ್ಯಲ್ಲ, ಅದು ಸುಮ್ನೇನಾ? ಹೇಳು, ಅದ್ನ ಹೇಳು."

ಪವಿತ್ರ ಕೆಂಪಾಗಿ, ತೊದಲಿ, ಹೇಳಿದಳು. ಆಮೇಲೆ ವಾರ್ಡನಮ್ಮ ಕಲಿಸಿದ್ದ ಪ್ರಶ್ನೆ ಕೇಳಿದಳು. ಶೈಲಜಾ ಬಸ್ಸಿನುದ್ದಕ್ಕೂ ತಮ್ಮ ಕತೆ ಹೇಳಿದರು, ಇಳಿದ ಮೇಲೆ ಮಂಜಿನಲ್ಲಿ ನಡುಗುತ್ತಲೂ ಹೇಳಿದರು, ನಂಬರನ್ನೂ ಕೊಟ್ಟರು.

"ಈವತ್ತೇ ಒಂದು ಥ್ಯಾಂಕ್ಸ್ ಕಳ್ಸು," ಎಂದರು ವಾರ್ಡನಮ್ಮ, ಬೆಟ್ಟ ಇಳಿಯುವಾಗ. "ದಿನಾ ಗುಡ್ ಮಾರ್ನಿಂಗ್ ಅಂತ ಗುಲಾಬಿ ಹೂವ ಕಳ್ಸುದ್ರೆ ಮಾತ್ರ ಕೈ ಮುರ್ದೇನು."

ಶೈಲಜಾ ಹೇಳಿದ ಇನ್ನೊಂದು ಲ್ಯಾಬಿಗೆ ಪವಿತ್ರ ಮೊದಲು ಹೋದಳು. ಅಲ್ಲಿಯವರು ಕೂತ್ಕೊಳ್ಳಿ ಎಂದರಂತೆ. ಇವಳು "ಪರವಾಗಿಲ್ಲ ಸರ್" ಎಂದು ಕೈಕಟ್ಟಿ ನಿಂತೇ ಇದ್ದಳಂತೆ. ನಮ್ಮ ಮನೆಯ ಮಕ್ಕಳು ದೊಡ್ಡವರ ಮುಂದೆ ಕೂತು ಗೊತ್ತಿಲ್ಲವಲ್ಲ. ಅವರು ನಾಲ್ಕು ಮಾತಿನಲ್ಲಿ ಮುಗಿಸಿ ಕಳಿಸಿದರು.

ವಾರ್ಡನಮ್ಮ ಬೈಯಲಿಲ್ಲ. ಕನ್ನಡಕ ಮೂಗಿಗೇರಿಸಿ ತಾವೇ ಸಾಹೇಬರಾದರು. ಪವಿತ್ರ ಹೊರಗಿನಿಂದ ಬರಬೇಕು, ನಮಸ್ಕಾರ ಹೇಳಬೇಕು, ಕೂರಬೇಕು. ಅವಳು ಕುರ್ಚಿ ಮುಟ್ಟಿ ಅನುಮಾನಿಸಿದಾಗೆಲ್ಲ ವಾಪಸ್ಸು ಹೊರಗೆ. "ಗೌರವ ಎದೇಲಿರ್ಲಿ ಕಣಮ್ಮಿ, ಮಂಡೀಲಿ ಯಾಕೆ?" ಆಟ ಮುಗಿಸಿ, "ಸಿಗ್ಲಿಲ್ಲ ಅಂತ ಆ ಶೈಲಜಂಗೂ ಹೇಳು" ಎಂದರು.

"ನಾಚ್ಕೆ ಆಯ್ತದೆ ಅಜ್ಜಿ."

"ಸಿಗ್ಲಿಲ್ಲ ಅಂತ ಹೇಳ್ದೆ ಇದ್ರೆ, ನೀನಿನ್ನೂ ಹುಡುಕ್ತಾ ಇದ್ದೀಯೆ ಅಂತ ಅವ್ಳಿಗೆ ಯಾರು ಹೇಳೋರು?"

ಹೇಳಿದಳು. ಕೆಲವು ವಾರ ಕಳೆದು ಶೈಲಜಾ ಅವರೇ ಫೋನ್ ಮಾಡಿದರು. ಅವರ ಲ್ಯಾಬಿನಲ್ಲೇ ಒಬ್ಬರು ಹೆರಿಗೆ ರಜೆಗೆ ಹೋಗಿದ್ದಾರೆ, ಬಂದು ಇಂಟರ್‌ವ್ಯೂ ಕೊಡಲಿ ಎಂದರು.

ಸುದ್ದಿ ತಿಳಿದು ಭಾವ ಬಂದರು. "ಆ ಲ್ಯಾಬಿನೋನು ನಮ್ಮೋನೇ. ಈಗ್ಲೇ ಫೋನ್ ಹಾಕ್ತೀನಿ" ಎಂದು ಮೊಬೈಲು ತೆಗೆದರು. ನಾವೆಲ್ಲ ನಿಂತಿದ್ದೆವು. ವಾರ್ಡನಮ್ಮ ಒಬ್ಬರೇ ಅವರೆದುರು ಕೂತಿದ್ದವರು. "ಹಾಕ್ಬೇಡಿ" ಎಂದರು.

"ಅದ್ನ ಹೇಳಕ್ಕೆ ನೀವ್ಯಾರ್ರೀ?"

"ನಾನ್ಯಾರೂ ಅಲ್ಲ. ಅವ್ಳನ್ನೇ ಕೇಳಿ."

ಪವಿತ್ರ ನನ್ನ ಮುಖ ನೋಡಿದಳು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಎಷ್ಟು ಸಣ್ಣಗೆ ಅಲ್ಲಾಡಿಸಿದೆನೋ, ಅವಳಿಗಂತೂ ಕಾಣಿಸಿತು. "ಬೇಡ ದೊಡ್ಡಪ್ಪ, ನಾನೇ ಹೋಗಿ ಬತ್ತೀನಿ" ಎಂದಳು.

"ಸಿಗ್ನಿಲ್ಲ ಅಂತ ನಾಳಿಕ್ಕೆ ನನ್ನ ಬಾಗ್ಲಿಗೆ ಬರ್ಬೇಡಿ" ಎಂದು ಭಾವ ಕಾಫಿ ಮುಟ್ಟದೆ ಎದ್ದರು. ವಾರ್ಡನಮ್ಮ ಆ ಲೋಟವನ್ನೂ ಎತ್ತಿಕೊಂಡು ಕುಡಿದರು.

ಚಾಮರಾಜನಗರದಲ್ಲಿ ಲ್ಯಾಬಿನವರು ಮಗಳನ್ನು ಕೇಳಿದ ಮೊದಲ ಮಾತೇ "ಯಾರ ಕಡೆಯಿಂದ ಬಂದಿದ್ದೀರಿ?" ಎಂಬುದಂತೆ. ಇವಳು ಆಗಲೇ ಕೂತಿದ್ದಳು. "ಕೆಲಸ ಇದೆ ಅಂತ ಶೈಲಜಾ ಮೇಡಂ ಹೇಳಿದ್ರು ಸರ್. ಬಂದಿದ್ದು ನನ್ನ ಕಡೆಯಿಂದಲೇ. ಚಿಕ್ಕ ಮಕ್ಕಳ ಕೈಯಲ್ಲೂ ನಂಗೆ ಬೇಗ ನರ ಸಿಗುತ್ತೆ, ಬೇಕಾದ್ರೆ ಈಗ್ಲೇ ನೋಡಿ" ಎಂದಳಂತೆ. ನೋಡಿದರು, ತೆಗೆದುಕೊಂಡರು. ರಜೆಗೆ ಹೋದವರು ವಾಪಸ್ಸು ಬಂದ ಮೇಲೂ ಇವಳನ್ನು ಬಿಡಲಿಲ್ಲ.

ಅವಳು ಕಾಯಂ ಆದ ಸುದ್ದಿ ವಾರ್ಡನಮ್ಮ ಹಾಸಿಗೆ ಹಿಡಿದಾಗ ತಿಳಿಯಿತು. "ಇನ್ಮೇಲೆ ನಿನ್ನ ಯಾರಾರ ಕೇಳ್ಕಂಡು ಬತ್ತಾರೆ, ಬಾಗ್ಲು ಹಾಕ್ಬೇಡ" ಎಂದಷ್ಟೇ ಪವಿತ್ರಳಿಗೆ ಹೇಳಿದರು. ಅದೇ ವಾರ ಹೋಗಿಬಿಟ್ಟರು. ಆ ಸುದ್ದಿ ಕೇಳಿಸಿಕೊಂಡು ಹೋದರಲ್ಲ, ಅದು ಗೋಪಾಲಸ್ವಾಮಿ ಮಾಡಿದ ಉಪಕಾರ.

ಅವರ ಮನೆಯಲ್ಲೇ ನಡೆದ ತಿಥಿಗೆ ಎಲ್ಲೆಲ್ಲಿಂದಲೋ ಹಾಸ್ಟೆಲಿನ ಹುಡುಗಿಯರು ಬಂದಿದ್ದರು. ಭಾವನೂ ಬಂದಿದ್ದರು. ಪಂಕ್ತಿಯಲ್ಲಿ ಕೂತು ಅಕ್ಕಪಕ್ಕದವರಿಗೆ, "ನಮ್ಮ ಪವಿತ್ರನ ನಾನೇ ಹೇಳಿ ಸೇರುಸ್ದೆ" ಎನ್ನುತ್ತಿದ್ದರು. ನಾನು ಪಲ್ಯ ಬಡಿಸುತ್ತಾ ಅಲ್ಲಿಗೇ ಬಂದಿದ್ದೆ.

"ಇಲ್ಲ ಭಾವ," ಎಂದೆ. "ನೀವು ಹೇಳ್ನಿಲ್ಲ. ಹೇಳ್ತೀನಿ ಅಂದ್ರಿ, ನಾವು ಬೇಡ ಅಂದೊ."

"ಯಾವ್ದೋ ಒಂದು, ಬುಡಮ್ಮ" ಎಂದರು ಭಾವ, ನಗುತ್ತಾ.

"ಯಾವ್ದೋ ಒಂದಲ್ಲ. ದಾರಿ ತೋರ್ಸಿದ್ದು ಈ ಮನೆಯೋರು. ಕೆಲ್ಸ ತಕಂಡಿದ್ದು ನನ್ ಮಗ್ಳು."

ಅವರು ತಲೆ ಎತ್ತದೆ ಅನ್ನ ಕಲಸಿದರು. ನಾನು ಎಲ್ಲರಿಗೂ ಬಡಿಸಿದಷ್ಟೇ ಪಲ್ಯ ಅವರಿಗೂ ಬಡಿಸಿ ಮುಂದಿನ ಎಲೆಗೆ ಹೋದೆ. ವಾರ್ಡನಮ್ಮನಿಗೆ ಅದು ಕೇಳಿಸಲಿಲ್ಲ ಎಂಬುದೊಂದೇ ನನಗೆ ಬೇಜಾರು. ದೇವರಿಗೆ ಕೇಳಿಸಿರುತ್ತದೆ, ಅಷ್ಟು ಜೋರಾಗಿಯೇ ಹೇಳಿದೆ.