ಫ್ಯಾನ್ ನೋಡಿದ ಐದನೇ ತರಗತಿ

ಪುಣೆಯ ಬಿಬವೇವಾಡಿಯ ಇಂದೂ ಟೀಚರು ನಗರದ ಕನ್ನಡ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದವರು. ಮಕ್ಕಳಿಗೆ ಅವರು ‘ಅಕ್ಕೋರು’. ಯಾವ ಮಗು ತಿಳಿಯದೆಯೇ ತಲೆಯಾಡಿಸುತ್ತಿದೆ ಎಂಬುದು ಅವರಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೊರೊನಾ ಬಂದು ಶಾಲೆ ಮುಚ್ಚಿದ ಮೇಲೆ ಮುಖಗಳೇ ಹೋದವು. ಮೊಬೈಲಿನಲ್ಲಿ ಉಳಿದದ್ದು ಐದನೇ ತರಗತಿಯ ಇಪ್ಪತ್ತೆರಡು ಮಕ್ಕಳ ಹೆಸರಿನ ಕಪ್ಪು ಚೌಕ.

ಮೊದಲ ದಿನ ಇಪ್ಪತ್ತೆರಡು ಮನೆಗಳ ಕುಕ್ಕರು, ಟಿವಿ, ಜಗಳ ಒಟ್ಟಿಗೇ ಕಿವಿಗೆ ಬಡಿದಾಗ ಅಕ್ಕೋರು ಚೀರಿದ್ದರು: “ಎಲ್ಲಾರೂ ಮೈಕ್ ಬಂದ್ ಮಾಡ್ರಿ! ಯಾರೂ ಮಾತಾಡಬಾರದು!”

ಜುಲೈನ ಒಂದು ಮಂಗಳವಾರ ಭಿನ್ನರಾಶಿಯ ಪಾಠ. ರೊಟ್ಟಿಯನ್ನು ಎಂಟು ತುಂಡು ಮಾಡಿ, ಎರಡೆರಡು ಜೋಡಿಸಿ, ನಲವತ್ತು ನಿಮಿಷ ಗಂಟಲು ಹರಿದುಕೊಂಡರು. “ತಿಳೀತೇನ್ರೋ?” ಎಂದದ್ದೇ ತಡ, ‘ತಿಳೀತ್ರಿ’ ಎಂದು ಬರೆದ ಇಪ್ಪತ್ತೆರಡು ಉತ್ತರ ಬಂದವು. ಖುಷಿಯಿಂದ ಮೊಬೈಲ್ ಎತ್ತಿಕೊಳ್ಳಲು ಹೋದರೆ, ಒರಗಿಸಿಟ್ಟಿದ್ದ ಗೋಧಿ ಡಬ್ಬಿಯಿಂದ ಅದು ಜಾರಿ ಅಂಗಾತ ಮಲಗಿತ್ತು. ಕ್ಯಾಮೆರಾ ನೋಡುತ್ತಿದ್ದದ್ದು ಮೇಲಿನ ಫ್ಯಾನನ್ನು.

ಕೂಡಲೇ ಭಾಗ್ಯಾಳಿಗೆ ಫೋನ್ ಮಾಡಿದರು. ತರಗತಿಯಲ್ಲಿ ಅವಳೇ ಜಾಣೆ.

“ಮೊದಲಿಂದನೂ ಫ್ಯಾನ್ ಕಾಣ್ತಿತ್ರಿ, ಅಕ್ಕೋರ.”

“ಮತ್ತ ಹೇಳಬಾರದೇನ?”

“ಮಾತಾಡಬಾರದು ಅಂತ ನೀವ ಹೇಳೀರಲ್ರಿ.”

“ತಿಳೀತು ಅಂತ ಯಾಕ ಬರದಿ?”

“ಎಲ್ಲಾರೂ ಬರದಿದ್ರಲ್ರಿ.”

ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ಅಕ್ಕೋರಿಗೆ ತಿಳಿಯಲಿಲ್ಲ. ಗಂಡ ಮಧುಕರ್ ಆ ರೊಟ್ಟಿ ತುಂಡುಗಳನ್ನು ಪಲ್ಯದ ಜೊತೆ ಮುಗಿಸಿ “ಪಾಠ ಚಲೋ ಆತಲ್ಲ” ಎಂದದ್ದು ಇನ್ನಷ್ಟು ಉರಿಸಿತು.

ಮರುದಿನದಿಂದ ಒಂದು ಸಲಕ್ಕೆ ನಾಲ್ಕೈದೇ ಮಕ್ಕಳು, ಇಪ್ಪತ್ತೇ ನಿಮಿಷ. ಮೈಕ್ ತೆರೆದಿರಬೇಕು. ಕೈಯಲ್ಲಿ ತಮ್ಮದೇ ರೊಟ್ಟಿಯೋ ಕಾಗದವೋ ಇರಬೇಕು. ಮಾಡಿದ್ದನ್ನು ತಾವೇ ಬಾಯಿಬಿಟ್ಟು ಹೇಳಬೇಕು. ಆಗ ಹುಳುಕು ಹೊರಬಿತ್ತು. ಎಂಟು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಎಂಟನೇ ಒಂದು ಭಾಗವೇ ದೊಡ್ಡದು ಎಂದು ಅರ್ಧ ತರಗತಿ ನಂಬಿತ್ತು! ಇನ್ನು ಕಿಶೋರನನ್ನು ಕರೆದರೆ, ಯಂತ್ರದ ಗಡಗಡ ಸದ್ದಿನ ನಡುವೆ ಗಂಡಸಿನ ದನಿ: “ಹಾಜರ್ ಅದೀನ್ರಿ.” ಭೋಸರಿಯ ಕಾರ್ಖಾನೆಯಿಂದ ಮಾತಾಡಿದವನು ಅವನ ಅಪ್ಪ ಅವ್ವಣ್ಣ. ಮನೆಗೆ ಇದ್ದದ್ದು ಒಂದೇ ಮೊಬೈಲ್. ಮಗನ ಹಾಜರಿ ತಪ್ಪಬಾರದೆಂದು ಒಂದು ತಿಂಗಳಿಂದ ‘ತಿಳೀತ್ರಿ’ ಎಂದು ಒತ್ತುತ್ತಿದ್ದವನು ಅವನೇ.

“ನನಗ ಹಾಜರಿ ಬ್ಯಾಡೋ ಮಾರಾಯಾ, ಹುಡುಗ ಬೇಕು! ಸೂಟಿ ಯಾವಾಗ?”

“ರವಿವಾರ್ರಿ.”

ಕಿಶೋರನ ಪಾಠಕ್ಕೆಂದು ಅಕ್ಕೋರ ರವಿವಾರದ ಬೆಳಿಗ್ಗೆಯೂ ಹೋಯಿತು.

ಅಷ್ಟರಲ್ಲಿ ಹೆಡ್ ಮಾಸ್ತರ ಸಿದ್ದಾರೂಢರ ಫೋನ್ ಬಂತು. “ನಲವತ್ತು ನಿಮಿಷ ಎಲ್ಲಿ ಹೋತ್ರಿ? ನೀವು ದಿನಾ ಕಳಸೂ ಹಾಜರಿ ಫೋಟೊದಾಗ ಐದ ಮಂದಿ ಅದಾರ.”

“ಮೊದಲ ಫೋಟೊದಾಗ ಎಲ್ಲಾರೂ ಇದ್ರು ಸರ್, ಪಾಠದಾಗ ಒಬ್ರೂ ಇರ್ಲಿಲ್ರಿ. ನಾಳೆ ನೀವ ಬಂದು ಕೂಡ್ರಿ.”

ಮರುದಿನ ಅವರು ಮೊಬೈಲಿನಲ್ಲೇ ತರಗತಿಗೆ ಬಂದರು. ಎರಡು ತುಂಡು ಕಾಗದ ಹಿಡಿದು ಭಾಗ್ಯಾ ಗೆಳತಿಯ ತಪ್ಪನ್ನು ಬಿಡಿಸಿ ತೋರಿಸುವುದನ್ನು ಕೊನೆಯವರೆಗೂ ಕೇಳಿದರು. ಕೊನೆಗೆ, “ಭಾಳ ಚಲೋ ಆತ್ರಿ, ಹಿಂಗ ನಡಸ್ರಿ. ಆದ್ರ ಐದೂ ಗುಂಪಿನ ಫೋಟೊ ಬ್ಯಾರೆಬ್ಯಾರೆ ಕಳಸ್ರಿ” ಎಂದರು.

ಅಕ್ಕೋರು ಹಣೆ ಚಚ್ಚಿಕೊಂಡರು. ಆದರೂ ಕಳಿಸಿದರು. ದೀಪಾವಳಿಯ ಹೊತ್ತಿಗೆ ಕಿಶೋರನೂ ಸೇರಿ ಹತ್ತೊಂಬತ್ತು ಮಕ್ಕಳಿಗೆ ಭಿನ್ನರಾಶಿ ಬರುತ್ತಿತ್ತು. ಉಳಿದ ಮೂವರಿಗೆ ಎಂಟನೇ ಒಂದು ಭಾಗವೇ ಇನ್ನೂ ದೊಡ್ಡದಾಗಿತ್ತು. ಹಬ್ಬದ ರಜೆಯಲ್ಲೂ ಅಕ್ಕೋರು ಗೊಣಗುತ್ತಲೇ ಆ ಮೂವರಿಗೆ ಫೋನ್ ಹಚ್ಚುತ್ತಿದ್ದರು.