ಒಲ್ಲೆ ಎಂದವರ ಲೆಕ್ಕ

ಮನುಷ್ಯರನ್ನು ಎಣಿಸುವ ಚಟ ನನಗೆ ಅಂಟಿದ್ದು ಕಚೇರಿಯಲ್ಲಿ. ನಾನು ಕಲಬುರಗಿಯಲ್ಲಿ ಹೈದರಾಬಾದ್ ಸಂಸ್ಥಾನದ ಒಂದು ಸರ್ಕಾರಿ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ. ಹಗಲೆಲ್ಲ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆಯುತ್ತೇನೆ. ಸಂಜೆ ಮನೆಗೆ ಬಂದು ನನ್ನ ಸ್ವಂತ ಪುಸ್ತಕದಲ್ಲಿ ಕನ್ನಡದಲ್ಲಿ ಎಡದಿಂದ ಬಲಕ್ಕೆ ಬರೆಯುತ್ತೇನೆ. ಪ್ರತಿ ಪುಟದ ನೆತ್ತಿಯ ಮೇಲೆ ಎರಡು ತಾರೀಖು: ಒಂದು ಕಚೇರಿಯ ಫಸಲಿ ವರ್ಷದ್ದು, ಇನ್ನೊಂದು ಮನೆಯ ಪಂಚಾಂಗದ್ದು. ಯಾವುದು ತಪ್ಪಿದರೂ ಇನ್ನೊಂದು ಕೈಹಿಡಿಯುತ್ತದೆ.

ಆ ವರ್ಷ ಹೈದರಾಬಾದಿನಿಂದ ಬದಲಿಯಾಗಿ ಬಂದ ಸಾಹೇಬರು ಒಂದು ದಿನ ನನ್ನ ಮೇಜಿನ ಮೇಲೆ ಈ ಪುಸ್ತಕ ಕಂಡರು. ಕರೆದರೆ ನಮ್ಮ ಜವಾನ ‘ಅಬ್ಬಿ ಆಯಾ’, ಈಗ ಬಂದೆ, ಎಂದು ಎಷ್ಟು ಸಲ ಕೂಗಿ ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದನ್ನು ಹದಿನೈದು ದಿನ ಗೀಟು ಹಾಕಿ ಬರೆದಿದ್ದೆ. ಏನಿದು ಎಂದು ಕೇಳಿದರು. ಓದಿ ಹೇಳಿದೆ. ನೌಕರಿ ಹೋಯಿತು ಎಂದುಕೊಂಡೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಅವರಿಗೂ ಅದೇ ಹುಚ್ಚು ಎಂದು ಆಮೇಲೆ ತಿಳಿಯಿತು. ಗುರುವಾರ ಸಂಜೆ ರೋಜಾದ ದರ್ಗಾದ ಕಡೆ ಹೋಗಿ, ಯಾತ್ರಿಕರು ಚಪ್ಪಲಿಯನ್ನು ಹೇಗೆ ಬಿಡುತ್ತಾರೆ, ಗುರುತು ಪರಿಚಯ ಇಲ್ಲದವರು ಯಾವ ಮಾತಿನಿಂದ ಮಾತು ತೆಗೆಯುತ್ತಾರೆ ಎಂದು ನೋಡುತ್ತ ಕೂರುವುದು ಅವರ ಹವ್ಯಾಸ. ಜನರ ರೀತಿ ರಿವಾಜಿನ ಮೇಲೆ ಒಂದು ದೊಡ್ಡ ಬರಹ ಮಾಡುತ್ತಿದ್ದರು. ಕನ್ನಡ ಮಾತಾಡುವವರ ಪಾಲು ನನಗೆ ಬಂತು.

“ಲೋಗಾಂ ಕ್ಯಾ ಬೋಲ್ತೈಂ ವೋ ನಕ್ಕೋ. ಕ್ಯಾ ಕರ್ತೈಂ ವೋ ಲಿಖೋ,” ಎಂದರು. ಜನ ತಾವು ಹೀಗೆ ಮಾಡುತ್ತೇವೆ ಎಂದು ಹೇಳಿದ್ದು ಬೇಡ, ಅವರು ಮಾಡುವುದನ್ನು ಬರೆ. ಇಷ್ಟೇ ನನಗೆ ಸಿಕ್ಕ ಪಾಠ.

ನನ್ನ ಸೋದರಮಾವನ ಬಟ್ಟೆ ಅಂಗಡಿ ಊರಿನ ಜಗತ್ ಪೇಟೆಯಲ್ಲಿದೆ. ಅದರ ಕಟ್ಟೆಯ ಮೂಲೆ ನನ್ನ ಠಾಣೆಯಾಯಿತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿತನ ಮಾವನದೇ ಆದ್ದರಿಂದ ಸಂಜೆ ಅಲ್ಲಿ ಕೂರುವುದು ನನಗೆ ರೂಢಿ. ಮಾವ ಬಂದವರಿಗೆಲ್ಲ ಏನಾದರೂ ತಿನ್ನಿಸದೆ ಕಳಿಸುವವನಲ್ಲ. ಬಂದವರು ಬೇಡ ಅನ್ನದೆ ತಿನ್ನುವವರಲ್ಲ.

“ಬರ್ರಿ ಗೌಡ್ರ, ಜರಾ ಚೂಡಾ ತಿನ್ರಿ.”

“ಒಲ್ಲೆರೀ. ಈಗಷ್ಟ ಉಂಡ ಬಂದೀನಿ.”

“ಉಂಡಿದ್ದ ಅಲ್ಲೇ ಇರ್ಲಿ. ಇದು ಬಾಯಾಡ್ಸಾಕ.”

“ಖರೇನ ಒಲ್ಲೆರೀ, ಹೊಟ್ಟಿ ಬಿರೀತದ.”

“ನೀವು ತಿನ್ನಂಗಿಲ್ಲಂದ್ರ ನಾನೂ ತಿನ್ನಂಗಿಲ್ಲ, ನೋಡ್ರಿ ಮತ್ತ.”

“ಅಯ್ಯ, ಹಂಗ್ಯಾಕ ಅಂತೀರಿ? ತರ್ರಿ ಇತ್ತಾಗ.”

ಆಮೇಲೆ ಹೊಟ್ಟೆ ಬಿರಿಯುವ ಗೌಡರು ತಟ್ಟೆಯ ತಳ ಕಾಣುವವರೆಗೆ ತಿನ್ನುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಒಂದು ‘ಒಲ್ಲೆ’ಗೆ ಒಂದು ಗೀಟು ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ನೂರ ಹದಿನೆಂಟು ಮಂದಿಯ ಲೆಕ್ಕವಾಯಿತು. ಮೊದಲ ಸಲಕ್ಕೇ ಹೂಂ ಎಂದವರು ನಾಲ್ವರು. ಅವರಲ್ಲಿ ಇಬ್ಬರಿಗೆ ಕಿವಿ ಮಂದ, ಒಬ್ಬ ನಮ್ಮ ಅಂಗಡಿಯ ಲೆಕ್ಕದವನೇ. ಉಳಿದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಎರಡು ಸಲ ಒಲ್ಲೆ ಎಂದು ಮೂರನೆಯ ಸಲಕ್ಕೆ ಕೈಚಾಚಿದವರು. ಮೊದಲನೆಯದು ಮರ್ಯಾದೆ, ಎರಡನೆಯದು ಗಟ್ಟಿ ಮಾಡಿಕೊಳ್ಳುವುದು, ಮೂರನೆಯದು ಊಟ. ಕೆಂಪು ಮಸಿಯಲ್ಲಿ ‘ನಿಯಮ ಒಂದು’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಬೇರೆ ಸಣ್ಣಪುಟ್ಟ ಸಂಗತಿಗಳನ್ನೂ ಬರೆದಿದ್ದೆ, ಆದರೆ ಅವಕ್ಕೆ ಕೆಂಪು ಮಸಿ ಕೊಟ್ಟಿರಲಿಲ್ಲ.

ಇದೇ ಹೊತ್ತಿನಲ್ಲಿ ನನ್ನ ತಂಗಿಗೆ ಕಮಲಾಪುರದಿಂದ ಸಂಬಂಧ ಬಂತು. ಹುಡುಗನ ಮನೆಯವರದು ಬಾಳೆತೋಟ. ಹಿಂದೆ ಎರಡು ಕಡೆಯವರು ಬಂದು ನೋಡಿ ಹೋಗಿ ಸುಮ್ಮನಾಗಿದ್ದರಿಂದ ಅವ್ವನಿಗೆ ಈ ಸಲ ಎದೆ ಡವಡವ. ತಂಗಿ ಮಾತ್ರ ಇದು ತನಗಲ್ಲ ಎಂಬಂತೆ ಇದ್ದಳು, ಹುಡುಗ ನೋಡಲು ಬರುವ ತನಕ. ಬಂದವನು ಗೋಡೆಯ ಗೂಡಿನಲ್ಲಿದ್ದ ನನ್ನ ಪುಸ್ತಕ ನೋಡಿ, ಇದು ಯಾರದು ಎಂದು ಕೇಳಿದ. ತಲೆ ತಗ್ಗಿಸಿ ಕೂರಬೇಕಾದವಳು ತಲೆ ಎತ್ತಿ, “ನಮ್ಮಣ್ಣಂದು. ನೀವು ಎಷ್ಟ ಸಲ ಒಲ್ಲೆ ಅಂದ್ರಿ ಅಂತ ಅದ್ರಾಗ ಬರೀತಾನ,” ಎಂದಳು. ಹುಡುಗ ಕುಡಿಯುತ್ತಿದ್ದ ನೀರು ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. ಅವರು ಹೋದ ಮೇಲೆ ಅವ್ವ ಹೇಗೆ ಎಂದು ಕೇಳಿದ್ದಕ್ಕೆ, “ನಗತಾರ. ಚಲೋ ಅದ,” ಎಂದು ಹೇಳಿ ಒಳಗೆ ಹೋದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಆ ದಿನ ಅದನ್ನೂ ಬರೆದುಕೊಂಡಿದ್ದೆ.

ಮುಂದೆ ನಾವು ಹೋಗಿ ಅವರ ಮನೆ ನೋಡಬೇಕು. ನಮ್ಮ ಕಡೆ ಹೆಣ್ಣಿನವರು ಒಪ್ಪಿಗೆಯಾಗುವ ತನಕ ಗಂಡಿನ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಉಂಡರೆಂದರೆ ಒಪ್ಪಿದರು ಎಂದೇ ಅರ್ಥ, ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಮಾವನಿಗೂ ಅವ್ವನಿಗೂ ಮನಸ್ಸಿತ್ತು. ಉಂಡೇ ಬರೋಣ ಎಂದು ಮನೆಯಲ್ಲೇ ತೀರ್ಮಾನವಾಗಿತ್ತು.

ಕಚೇರಿಯ ಲೆಕ್ಕಕ್ಕೆ ಬಹಮನ್ ತಿಂಗಳು, ಮನೆಯ ಪಂಚಾಂಗಕ್ಕೆ ಮಾರ್ಗಶಿರ. ಶುಕ್ರವಾರ ಕಚೇರಿಗೆ ಸೂಟಿ. ಗುರುವಾರ ಮಧ್ಯಾಹ್ನ ನಾನೂ ಮಾವನೂ ಅವನ ಬಂಡಿಯಲ್ಲಿ ಹೊರಟು, ದಾರಿಯ ಒಂದು ಊರಿನಲ್ಲಿ ರಾತ್ರಿ ಕಳೆದು, ಶುಕ್ರವಾರ ಬಿಸಿಲೇರುವ ಹೊತ್ತಿಗೆ ಕಮಲಾಪುರ ಮುಟ್ಟಿದೆವು. ಮನೆ ಗಟ್ಟಿಮುಟ್ಟು. ಪಡಸಾಲೆಯ ತೊಲೆಗೆ ಕೆಂಪು ಬಾಳೆಯ ಒಂದು ಗೊನೆ ತೂಗುಹಾಕಿತ್ತು. ‘ಗೊನೆ ಒಂದು, ಹೊಸದಾಗಿ ಕಡಿದದ್ದು’ ಎಂದು ಬರೆದುಕೊಂಡೆ. ಯಾಕೆ ತೂಗುಹಾಕಿದ್ದಾರೆ ಎಂದು ಯೋಚಿಸಲಿಲ್ಲ.

ಹುಡುಗನ ಅಪ್ಪ ಮಾವನಿಗೆ ತೋಟ ತೋರಿಸಲು ಹಿತ್ತಲಿನಿಂದ ಕರೆದುಕೊಂಡು ಹೋದರು. ನಾನೂ ಹುಡುಗನ ಅಜ್ಜಿಯೂ ಪಡಸಾಲೆಯಲ್ಲಿ ಉಳಿದೆವು. ಅಜ್ಜಿ ಸಣ್ಣ ಆಳು, ಹಣೆಯ ತುಂಬ ವಿಭೂತಿ. ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಡಗಿ ಆಗ್ಯಾದ. ಕೈಕಾಲ ತೊಳಕೊಳ್ರಿ, ಉಣ್ಣಾಕ ಏಳ್ರಿ.”

ನಿಯಮ ಒಂದು ನೆನಪಾಯಿತು. “ಒಲ್ಲೆರಿಯವ್ವಾ, ದಾರ್‍ಯಾಗ ಬುತ್ತಿ ಉಂಡೀವಿ.”

“ಬುತ್ತಿ ಉಂಡ್ರೇನಾತು? ನಮ್ಮನ್ಯಾಗ ಒಂದ ರೊಟ್ಟಿ ಮುರೀರಿ.”

ಈಗ ಎರಡನೆಯದು. ಗಟ್ಟಿ ಮಾಡಿಕೊಳ್ಳುವ ಹೊತ್ತು. “ಖರೇನ ಒಲ್ಲೆರಿ,” ಎಂದೆ. ಜೇಬಿನಲ್ಲಿದ್ದ ಪುಸ್ತಕದ ಮೇಲೆ ಉಗುರಿನಿಂದಲೇ ಎರಡನೆಯ ಗೀಟು ಎಳೆದು, ಮೂರನೆಯದಕ್ಕೆ ಕಾದು ಕೂತೆ. ಒಳಗಿನಿಂದ ಪುಂಡಿಪಲ್ಯದ ಒಗ್ಗರಣೆ ವಾಸನೆ ಬರುತ್ತಿತ್ತು. ಬುತ್ತಿಯಲ್ಲಿ ಇದ್ದದ್ದು ಎರಡು ಒಣರೊಟ್ಟಿ ಮತ್ತು ಶೇಂಗಾ ಹಿಂಡಿ, ಅದೂ ಉಂಡದ್ದು ಬೆಳಗಿನ ಜಾವದಲ್ಲಿ.

ಅಜ್ಜಿ ಎದ್ದರು. ತಟ್ಟೆ ತರಲು ಹೋದರು ಎಂದುಕೊಂಡೆ. ತಂದರು. ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು. ನನ್ನ ಕೈಗೆ ಕೊಟ್ಟು, “ಹೋಗಿ ಬರ್ರಿ. ಕತ್ತಲಾಗೂದ್ರಾಗ ಅರ್ಧಾ ದಾರಿ ಮುಟ್ರಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಆಗಲೇ ನನಗೆ ಗೊತ್ತಾಗುತ್ತಿತ್ತು.

ತೋಟದಿಂದ ನಗುನಗುತ್ತ ಬಂದ ಮಾವ ನನ್ನ ಕೈಯಲ್ಲಿ ಎಲೆ ನೋಡಿ ಹಾಗೆಯೇ ನಿಂತ. ಉಂಡು ಒಪ್ಪಿದವರ ಬಂಡಿ ಏರಬೇಕಾಗಿದ್ದ ಗೊನೆ ತೊಲೆಯಲ್ಲೇ ಉಳಿಯಿತು. ನಾವು ಬಂಡಿ ಹತ್ತಿದೆವು. ಊರು ದಾಟುವ ತನಕ ಮಾವ ಎತ್ತಿನ ಜೊತೆ ಮಾತ್ರ ಮಾತಾಡಿದ. ಆಮೇಲೆ ನಡೆದದ್ದನ್ನೆಲ್ಲ ನನ್ನ ಬಾಯಿಂದ ಹೇಳಿಸಿದ.

“ಎರಡ ಸಲ ಒಲ್ಲೆ ಅಂದೀ?”

“ಮೂರನೇ ಸಲಕ್ಕ ಹೂಂ ಅನ್ನಾಂವ ಇದ್ದೆ ಮಾವಾ.”

“ಹುಚ್ಚಪ್ಪಾ, ಅದು ಅಂಗಡಿ ಚೂಡಾ ಏನೋ? ಹೆಣ್ಣ ಗಂಡಿನ ಮಾತಿಗಿ ಎರಡ ಸಲಾನೇ ಕೇಳ್ತಾರ. ಮೂರನೇದು ಕೇಳಿದ್ರ ಜುಲುಮಿ ಅಂತ ಲೆಕ್ಕ. ಜುಲುಮಿ ಮಾಡಿ ಸೊಸಿ ತರ್ತಾರೇನು ಯಾರರ?”

“ತಿರುಗಿ ಹೋಗಿ ಹೇಳಿದ್ರ?”

“ಎಲಿ ಕೈಯಾಗ ಹಿಡದ ಮ್ಯಾಲ ತಿರುಗಿ ಹೋಗಂಗಿಲ್ಲ. ಹೊಸದಾಗಿ ಹೋದ್ರ, ಬ್ಯಾಡ ಅಂದು ಈಗ ಬೇಕಂತ ಬಂದಾರ, ಹುಡುಗಿದೇನೋ ಐಬ ಇರಬೇಕು ಅಂತಾರ.”

ನೂರ ಹದಿನೆಂಟು ಮಂದಿಯ ಲೆಕ್ಕ ನನ್ನ ಜೇಬಿನಲ್ಲಿ ಕಲ್ಲಿನ ಹಾಗೆ ಕೂತಿತ್ತು. ನೂರ ಹದಿನೆಂಟೂ ಗಂಡಸರು. ಕೇಳಿದವನು ಒಬ್ಬನೇ, ನನ್ನ ಮಾವ. ಒಲ್ಲೆ ಎನ್ನುವವರಿಗೆ ನನ್ನ ಪುಸ್ತಕದಲ್ಲಿ ಏಳು ಖಾನೆಗಳಿದ್ದವು. ಕೇಳುವವರಿಗೆ ಒಂದೂ ಇರಲಿಲ್ಲ.

ಮನೆಯಲ್ಲಿ ಅವ್ವ ಸೆರಗು ಬಾಯಿಗೆ ಹಿಡಿದು ಕೂತಳು. ತಂಗಿ ರೊಟ್ಟಿ ಬಡಿಯುತ್ತಿದ್ದವಳು ಬಡಿಯುತ್ತಲೇ ಇದ್ದಳು. ಒಂದೇ ಮಾತು ಕೇಳಿದಳು: “ಅಣ್ಣಾ, ನಿನ್ನ ಪುಸ್ತಕದಾಗ ನಾ ಎಷ್ಟನೇ ಗೀಟು?”

ನಾನು ಪುಸ್ತಕವನ್ನು ಜೇಬಿನಿಂದ ತೆಗೆದು ಗೂಡಿನಲ್ಲಿಟ್ಟೆ.

ಸೋಮವಾರ ಸಂಬಂಧ ತಂದ ಹಿರಿಯರು ಬಂದು, ಕಮಲಾಪುರದವರ ಮನೆ ನೋಡಲು ಗುರುವಾರ ಹುಮನಾಬಾದ ಕಡೆಯವರು ಬರಲಿದ್ದಾರೆ ಎಂದು ಹೇಳಿ ಹೋದರು. ಆ ದಿನ ಕಚೇರಿಯಲ್ಲಿ ಒಂದೇ ಅರ್ಜಿಯನ್ನು ಎರಡು ಸಲ ನಕಲು ಮಾಡಿದೆ. ಸಂಜೆ ಮನೆಗೆ ಬಂದರೆ ತಂಗಿ ನನ್ನ ಪುಸ್ತಕ ಹಿಡಿದು ಕೂತಿದ್ದಳು. ಓದಲು ಕಲಿಸಿದವನು ನಾನೇ. ಆಕೆ ಮೊದಲ ಪುಟದಿಂದ ಎಲ್ಲವನ್ನೂ ಓದಿದ್ದಳು, ಕೆಂಪು ಮಸಿ ಇಲ್ಲದ್ದನ್ನೂ.

“ಇಲ್ನೋಡು. ‘ಬಿಟ್ಟುಹೋದ ಸಾಮಾನಿಗೆ ತಿರುಗಿ ಬಂದವರು ಹನ್ನೊಂದು ಮಂದಿ. ಹೊಸದಾಗಿ ಶರಣು ಹೇಳಿದವರು ಯಾರೂ ಇಲ್ಲ. ಮಾತು ನಿಂತಲ್ಲಿಂದಲೇ ಶುರು.’ ನೀನೇ ಬರದೀ.”

ಬರೆದದ್ದು ನಿಜ. ಕೊಡೆ, ಬಡಿಗೆ, ಚೀಲ ಮರೆತು ಹೋದವರು ಅಂಗಡಿಗೆ ಮರಳಿ ಬಂದರೆ ಅದು ಹೊಸ ಭೇಟಿಯಲ್ಲ, ಹಳೆಯದರ ಬಾಲ. ಯಾರೂ ಕ್ಷೇಮ ಕೇಳುವುದಿಲ್ಲ. ಅರ್ಧಕ್ಕೆ ನಿಂತ ಮಾತು ಅಲ್ಲಿಂದಲೇ ಮುಂದಕ್ಕೆ ಹೋಗುತ್ತದೆ.

“ಅಂದ್ರ ಮುದುಕಿ ಎರಡನೇ ಸಲ ಕೇಳಿದ್ದು ಇನ್ನಾ ಅಲ್ಲೇ ನಿಂತದ,” ಎಂದಳು. “ನೀ ಅಲ್ಲಿ ಏನ ಮರತು ಬಂದೀ?”

“ಏನೂ ಇಲ್ಲ. ಒಯ್ದ ಸಾಮಾನಿನ ಪಟ್ಟಿ ಅದ. ಎಲ್ಲಾದಕ್ಕೂ ಗುರ್ತ ಹಾಕೀನಿ.”

“ಹರದು ಒಗಿ ಆ ಪಟ್ಟಿ! ಮರತೀ ಅಂದ್ರ ಮರತೀ.”

ಮಂಗಳವಾರ ಸಾಹೇಬರ ಮುಂದೆ ನಿಂತು, ಕಮಲಾಪುರದ ಲೆಕ್ಕ ಒಂದು ತಪ್ಪಿದೆ, ಹೋಗಿ ಸರಿಮಾಡಿ ಬರಬೇಕು ಎಂದು ರಜೆ ಕೇಳಿದೆ. ಕೆಲಸದ ಮೇಲೆ ಇಷ್ಟು ನಿಷ್ಠೆ ಎಂದು ಅವರಿಗೆ ಬಹಳ ಸಂತೋಷವಾಯಿತು. ಎರಡು ದಿನ ಕೊಟ್ಟರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಆ ಪಡಸಾಲೆಯ ಮೆಟ್ಟಿಲ ಮುಂದೆ ನಿಂತಾಗ ಅಜ್ಜಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಗೊನೆ ತೊಲೆಯಲ್ಲೇ ಇತ್ತು, ಒಂದು ಹಣ್ಣೂ ಕಿತ್ತಿರಲಿಲ್ಲ. ಅದನ್ನು ನೋಡಿ ಸ್ವಲ್ಪ ಧೈರ್ಯ ಬಂತು. ಶರಣು ಹೇಳಬಾರದು ಎಂದು ತಂಗಿ ಹತ್ತು ಸಲ ಹೇಳಿ ಕಳಿಸಿದ್ದಳು. ಹೇಳಲಿಲ್ಲ.

“ಮರತು ಹೋಗಿದ್ದೆರಿಯವ್ವಾ,” ಎಂದೆ.

ಅಜ್ಜಿ ಮೊರ ಕೆಳಗಿಟ್ಟರು. “ಏನ ಮರತಿದ್ದಿ?”

ಶಲ್ಯ ಎನ್ನಬೇಕಾಗಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಆದರೆ ಶಲ್ಯ ನನ್ನ ಹೆಗಲ ಮೇಲೆಯೇ ಇತ್ತು. ಮನೆಯಲ್ಲಿ ಬಿಟ್ಟು ಬರುವುದನ್ನು ಮರೆತಿದ್ದೆ.

“ಉಣ್ಣೂದು ಮರತಿದ್ದೆರಿ,” ಎಂದೆ.

ಅಜ್ಜಿಯ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಭುಜಗಳು ಅಲುಗಾಡತೊಡಗಿದವು. ಒಳಗಿನ ಬಾಗಿಲ ಹಿಂದೆ ಯಾರೋ ಜೋರಾಗಿ ನಕ್ಕು ಕೆಮ್ಮಿದರು. ಆ ಕೆಮ್ಮನ್ನು ನಮ್ಮ ಮನೆಯಲ್ಲಿ ಒಮ್ಮೆ ಕೇಳಿದ್ದೆ.

“ಏನ ಹುಡುಗೋ ನೀನು! ಐದ ದಿನದ ಮ್ಯಾಲ ನೆನಪಾತೇನು?” ಎಂದು ಅಜ್ಜಿ ಒಳಕ್ಕೆ ಕೂಗಿದರು: “ಏ, ಮಣಿ ಹಾಕ್ರಿ!”

ಉಣ್ಣುತ್ತೀಯಾ ಎಂದು ಯಾರೂ ಕೇಳಲಿಲ್ಲ. ಕೂರಲು ಮಣೆ ಬಂತು, ತಾಟು ಬಂತು, ಕೂತೆ. ಅಜ್ಜಿ ಎದುರಿಗೇ ಕೂತು ನನ್ನ ಎರಡು ‘ಒಲ್ಲೆ’ಗಳಿಗೆ ಬಡ್ಡಿಸಹಿತ ಬಡಿಸಿದರು. ‘ಸಾಕು’ ಎಂದದ್ದು ಏಳು ಸಲ, ಬಡಿಸಿದ್ದು ಎಂಟು ಸಲ. ಈ ವ್ಯತ್ಯಾಸಕ್ಕೆ ಕಾರಣ, ಎಂಟನೆಯ ಸಲ ನನ್ನ ಬಾಯಿ ತುಂಬಿತ್ತು.

ಮರುದಿನ ಜಗತ್ ದಾಟಿ ನಮ್ಮ ಓಣಿಗೆ ಬರುವ ತನಕ ಬಂಡಿಯಲ್ಲಿ ಆ ಕೆಂಪು ಗೊನೆ ನನ್ನ ಪಕ್ಕ ಕೂತಿತ್ತು. ಎಲ್ಲಿಂದ ಎಂದು ದಾರಿಯಲ್ಲಿ ಕೇಳಿದವರು ಹದಿನಾಲ್ಕು ಮಂದಿ. ಉತ್ತರಕ್ಕೆ ಕಾದವರು ಮೂವರು. ಉಳಿದವರಿಗೆ ಗೊನೆ ನೋಡಿಯೇ ತಿಳಿದಿತ್ತು.

ಅವ್ವ ಬಾಗಿಲಲ್ಲೇ ಇದ್ದಳು. “ಉಂಡೀಯೇನೋ ತಮ್ಮಾ?”

“ಉಂಡೆ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಎಷ್ಟ ಸಲ ಕೇಳಿದ್ರು?” ಎಂದಳು ತಂಗಿ, ಮುಖ ತೋರಿಸದೆ.

“ಕೇಳಲೇ ಇಲ್ಲ.”

ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಆ ದಿನ ನಮ್ಮ ಮನೆಯಲ್ಲಿ ಮಾವನೂ ಸೇರಿ ನಾಲ್ಕು ಮಂದಿಗೆ ಆಗುವಷ್ಟು ರೊಟ್ಟಿ ಬೇಕಿತ್ತು. ಆಕೆ ಇಪ್ಪತ್ತಾರು ಬಡಿದಳು.