ಮೇಣದಣ್ಣನ ಡ್ರಾಯರಿನಲ್ಲೊಂದು ಖಾಲಿ ಜಾಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಮೇಣ ಕರಗುತ್ತಿದೆ. ಸ್ವಿಚ್ ಹಾಕಿದವರು ಅದು ಕರಗುವ ತನಕ ಕೂತು ಟೀ ಕುಡಿಯಬಹುದು. ಇಷ್ಟು ವರ್ಷ ಹಾಗೇ ಕುಡಿದಿದ್ದಾರೆ. ಈಗೀಗ ಕೂರುವುದಿಲ್ಲ. ಕಪಾಟಿನ ಒಂದು ಡ್ರಾಯರ್ ಎಳೆಯುತ್ತಾರೆ, ನೋಡುತ್ತಾರೆ, ಮುಚ್ಚುತ್ತಾರೆ. ಮೇಣದ ಪಾತ್ರೆಯ ಹತ್ತಿರ ಬರುತ್ತಾರೆ. ಮತ್ತೆ ಹೋಗಿ ಅದೇ ಡ್ರಾಯರ್ ಎಳೆಯುತ್ತಾರೆ.

ಲ್ಯಾಬಿನವರಿಗೆಲ್ಲ ಇವರು ಮೇಣದಣ್ಣ. ರೋಗಿಯ ದೇಹದಿಂದ ಪರೀಕ್ಷೆಗೆಂದು ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಬಿಲ್ಲೆಯಾಗುತ್ತದೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ತೆಳ್ಳಗೆ ಕೊಯ್ದ ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಡಾಕ್ಟರು ಇದು ಕ್ಯಾನ್ಸರ್, ಇದಲ್ಲ ಎಂದು ಬರೆಯುವುದು. ನೋಡಿಯಾದ ಬ್ಲಾಕುಗಳನ್ನು ಜೋಡಿಸಿಡುವುದು, ಕೇಳಿದವರಿಗೆ ಹುಡುಕಿಕೊಡುವುದು ಮೇಣದಣ್ಣನ ಕೆಲಸ. ದಿನಕ್ಕೆ ನಲವತ್ತು ಐವತ್ತು ಹೊಸವು ಒಳಗೆ ಬರುತ್ತವೆ. ನಾಲ್ಕೈದು ಹೊರಗೆ ಹೋಗುತ್ತವೆ.

ಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಇನ್ನೊಂದು ಆಸ್ಪತ್ರೆಯ ಇನ್ನೊಬ್ಬ ಡಾಕ್ಟರು ಏನನ್ನುತ್ತಾರೋ ಕೇಳಿ ನೋಡೋಣ ಅಂತ. ಆದರೆ ಕೌಂಟರಿಗೆ ಬಂದವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

"ಇನ್ಶೂರೆನ್ಸ್‌ನವರು ಕೇಳಿದಾರೆ ಅಂತಾರೆ. ಊರು ಬದಲಾಯಿಸ್ತಿದೀವಿ ಅಂತಾರೆ. ಒಬ್ರಂತೂ, ಮನೇಲಿ ನೆನಪಿಗೆ ಇಟ್ಕೋತೀವಿ ಅಂದ್ಬಿಟ್ರು," ಎಂದು ಮೇಣದಣ್ಣ ನಗುತ್ತಾರೆ. "ಡಾಕ್ಟ್ರಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ ಅನ್ನೋ ಹೆದರಿಕೆ. ನಾನು ಹೇಳ್ತಿದ್ದೆ, ಧೈರ್ಯವಾಗಿ ತಗೊಂಡ್ಹೋಗಿ, ಇದೇನು ಯಾರಪ್ಪನ ಆಸ್ತೀನೂ ಅಲ್ಲ ಅಂತ."

ಹೇಳುವುದು ಸುಲಭವಿತ್ತು.

ಮೇಣದಣ್ಣನ ಅಕ್ಕ ಬಟ್ಟೆ ಹೊಲಿಯುವವರು. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕೂರಿಸಿಕೊಂಡು ಬೆಳೆಸಿದವರು. ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಬಂದಿದ್ದ ಅವರ ಒಂದು ಕಿಡ್ನಿ ತೆಗೆದರು. ಅದರ ಬ್ಲಾಕನ್ನೂ ಉಳಿದವರ ಬ್ಲಾಕುಗಳ ಜೊತೆಗೇ ಜೋಡಿಸಿಟ್ಟವರು ಮೇಣದಣ್ಣ.

"ಕಿಡ್ನಿ ಕಿತ್ತಿದ್ದಕ್ಕೆ ಬೇಜಾರಿಲ್ಲ ಕಣೋ," ಅಂದಿದ್ದರಂತೆ ಅಕ್ಕ. "ಅದನ್ನ ಡ್ರಾಯರಲ್ಲಿಟ್ಟು ಬೀಗ ಹಾಕೋಕೆ ನೀನೇ ಆಗ್ಬೇಕಿತ್ತಾ? ಚಿಕ್ಕವನಿದ್ದಾಗ ನನ್ನ ಬಳಪಾನೂ ಹಿಂಗೇ ಬಚ್ಚಿಡ್ತಿದ್ದೆ."

ಈ ವರ್ಷ ಕಾಯಿಲೆ ಶ್ವಾಸಕೋಶಕ್ಕೆ, ಬೆನ್ನುಮೂಳೆಗೆ ಹರಡಿತು. ಕೊಟ್ಟ ಮಾತ್ರೆ ಕೆಲವು ತಿಂಗಳು ತಡೆದು ನಿಲ್ಲಿಸಿತು, ಆಮೇಲೆ ಕೈಕೊಟ್ಟಿತು. ಮೇಲಿನ ಮಹಡಿಯ ಡಾಕ್ಟರು ಮೆಲ್ಲಗೆ ಹೇಳಿದರು: ನಮ್ಮಲ್ಲಿ ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ನೋವಾಗದ ಹಾಗೆ ನೋಡಿಕೊಳ್ಳೋಣ. ಅಕ್ಕ ತಲೆಯಾಡಿಸಿದರು. ತಮ್ಮನಿಗೆ ಆಗಲಿಲ್ಲ. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ಸ್ಕ್ಯಾನ್ ತನ್ನಿ, ಬ್ಲಾಕೂ ತನ್ನಿ, ನಾವೇ ಒಮ್ಮೆ ನೋಡುತ್ತೇವೆ ಎಂದರು ಅಲ್ಲಿಯವರು.

ಬ್ಲಾಕ್ ಇದ್ದದ್ದು ಕೈಗೆಟಕುವಷ್ಟು ಹತ್ತಿರದಲ್ಲೇ. ಆದರೆ ಹೊರಗೆ ಕಳಿಸಲು ಲ್ಯಾಬಿನ ಮುಖ್ಯಸ್ಥೆಯ ಒಪ್ಪಿಗೆ ಬೇಕು. ಅಕ್ಕನ ವರದಿ ಬರೆದವರೂ ಆ ಮೇಡಮ್ಮೇ. ಮೇಣದಣ್ಣ ಹಲವು ಸಲ ಅವರ ಬಾಗಿಲ ತನಕ ಹೋಗಿ, ಕೈಯಲ್ಲಿದ್ದ ಒರೆಸುವ ಬಟ್ಟೆಯಿಂದ ಬಾಗಿಲನ್ನೇ ಒರೆಸಿ ವಾಪಸಾದರು. ಕೊನೆಗೊಂದು ದಿನ ಒಳಗೆ ಹೋದವರು ಅಂದದ್ದು ಹೀಗೆ:

"ಮೇಡಂ, ಅಕ್ಕನ ಬ್ಲಾಕ್ ಬೇಕಿತ್ತು. ಇನ್ಶೂರೆನ್ಸ್‌ನವರು ಕೇಳ್ತಿದಾರೆ."

ಮೇಡಂ ಕನ್ನಡಕ ತೆಗೆದರು. "ನಿಮ್ಮಕ್ಕಂಗೆ ಇನ್ಶೂರೆನ್ಸೇ ಇಲ್ವಲ್ರೀ."

ಮೇಣದಣ್ಣ ಕೈಯಲ್ಲಿದ್ದ ಬಟ್ಟೆಯಿಂದ ಅವರ ಮೇಜು ಒರೆಸತೊಡಗಿದರು.

"ನೀವೂನಾ?" ಎಂದರು ಮೇಡಂ. ಆಮೇಲೆ ತಾವೇ ಎದ್ದು ಬ್ಲಾಕ್ ಒಯ್ಯಲೊಂದು ಡಬ್ಬಿ ಹುಡುಕಿ ತಂದರು. "ಇನ್ನೊಬ್ರು ನೋಡಿದ್ರೆ ನನ್ನ ಕಣ್ಣೇನು ಉದುರಿ ಹೋಗುತ್ತಾ? ತಗೊಂಡ್ಹೋಗಿ. ನಾನು ನೋಡಿದ್ದು ತಪ್ಪು ಅಂದ್ರೆ ಮೊದ್ಲು ನಂಗೇ ಫೋನ್ ಮಾಡಿ. ನಿಮ್ಮಕ್ಕನ ವಿಷ್ಯ ನನ್ನ ತಲೇನೂ ತಿಂತಿದೆ."

ಬಸ್ಸಿನಲ್ಲಿ ಸಿಕ್ಕಿದ್ದು ಎಂಜಿನ್ ಪಕ್ಕದ ಒಂದೇ ಸೀಟು. ಅಕ್ಕನನ್ನು ಅಲ್ಲಿ ಕೂರಿಸಿ, ಬಿಸಿಗೆ ಮೇಣ ಮೆತ್ತಗಾದೀತೆಂದು ತಾವು ಡಬ್ಬಿ ಹಿಡಿದು ದೂರ ನಿಂತರು. ಅರ್ಧ ದಾರಿಯಲ್ಲಿ ಅಕ್ಕ ಕೂಗಿ ಹೇಳಿದರು: "ಲೋ, ಆ ಡಬ್ಬಿಯೊಳಗಿರೋದೂ ನಾನೇ, ಇಲ್ಲಿ ಕೂತಿರೋದೂ ನಾನೇ. ನನಗೂ ಬಿಸಿ ತಟ್ತಿದೆ ಕಣೋ!"

ದೊಡ್ಡ ಆಸ್ಪತ್ರೆಯ ಡಾಕ್ಟರು ಎಲ್ಲವನ್ನೂ ನೋಡಿ ಹೇಳಿದ್ದಿಷ್ಟು. ಮೊದಲಿನ ವರದಿ ಸರಿಯಾಗಿಯೇ ಇದೆ. ಕಾಯಿಲೆ ಅದೇ, ಹರಡಿರುವುದೂ ನಿಜ. ಆದರೆ ಇನ್ನೂ ಕೊಟ್ಟು ನೋಡದ ಒಂದು ಇಂಜೆಕ್ಷನ್ ಇದೆ. ಕ್ಯಾನ್ಸರಿನ ಮೇಲೆ ದೇಹವೇ ತಿರುಗಿ ಬೀಳುವಂತೆ ಮಾಡುವಂಥದ್ದು. ವಾಸಿಯಾಗುತ್ತದೆ ಎನ್ನಲಾರೆ. ಕೆಲವರಲ್ಲಿ ಬೆಳೆಯುವುದು ನಿಲ್ಲುತ್ತದೆ, ಕೆಲವರಲ್ಲಿ ಇಲ್ಲ.

ಅಕ್ಕ ಕೇಳಿದ್ದು ಒಂದೇ. "ಮೆಷಿನ್ ತುಳಿಯೋಕಾಗುತ್ತಾ ಡಾಕ್ಟ್ರೇ?"

"ಆದಾಗ ತುಳೀರಿ."

ಇಂಜೆಕ್ಷನ್ ಶುರುವಾಗಿದೆ. ಅಕ್ಕನಿಗೆ ಮೈ ತುರಿಕೆ, ಸುಸ್ತು. ಆದರೂ ಬೆಳಗಿನ ಹೊತ್ತು ಒಂದೊಂದು ರವಿಕೆ ಹೊಲಿಯುತ್ತಾರೆ. ಇಂಜೆಕ್ಷನ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಬರುವ ವಾರದ ಸ್ಕ್ಯಾನಿನಲ್ಲಿ ತಿಳಿಯಬೇಕು. ಅಲ್ಲಿಯವರೆಗೆ ತಮ್ಮನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಫೋನು ಮೇಜಿನ ಮೇಲಿಡುತ್ತಾರೆ, ಜೇಬಿಗೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ.

ಹೊರಗೆ ಹೋದ ಪ್ರತಿ ಬ್ಲಾಕಿನ ಜಾಗದಲ್ಲಿ ಅವರು ಖಾಲಿ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಸಿಕ್ಕಿಸಿಡುತ್ತಾರೆ. ಇಲ್ಲದಿದ್ದರೆ ಸಾಲು ಜರುಗಿ ಬೀಳುತ್ತದೆ. ಬ್ಲಾಕ್ ಮರಳಿದ ದಿನ ಅದನ್ನು ತೆಗೆಯುತ್ತಾರೆ. ಹೆಚ್ಚಿನವು ಅಂಚೆಯಲ್ಲಿ ಬರುತ್ತವೆ. ಕೆಲವು ಬರುವುದೇ ಇಲ್ಲ.

"ರೂಲ್ಸ್ ಪ್ರಕಾರ ಫೋನ್ ಮಾಡಿ ಕೇಳ್ಬೇಕು, ಯಾಕೆ ವಾಪಸ್ ಕೊಟ್ಟಿಲ್ಲ ಅಂತ. ನಾನು ಕೇಳಲ್ಲ. ಆ ಕಡೆಯಿಂದ ಏನು ಕೇಳ್ಬೇಕಾಗುತ್ತೋ."

ಬೆಳಗಿನಿಂದ ಎಳೆದು ಮುಚ್ಚುತ್ತಿರುವ ಡ್ರಾಯರಿನಲ್ಲೂ ಅಂಥದೊಂದು ಖಾಲಿ ಬಿಲ್ಲೆಯಿದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾರೆ, ಅದು ಆಗಲೇ ಗಟ್ಟಿಯಾಗಿ ಕೂತಿದ್ದರೂ.

"ಅಕ್ಕನದನ್ನ ಪೋಸ್ಟಲ್ಲಿ ಕಳಿಸ್ತೀವಿ ಅಂದ್ರು ಅಲ್ಲಿಯವ್ರು. ಬೇಡ, ಅವಳ ಕೈಗೇ ಕೊಡಿ ಅಂದೆ," ಎನ್ನುತ್ತಾರೆ. "ಅವಳೇ ಮೆಟ್ಲಿಳಿದು ಬಂದು, ಕೌಂಟರಿನ ಆ ಕಡೆ ನಿಂತ್ಕೊಂಡು, 'ತಗೋಳೋ ನಿನ್ನ ಬಿಲ್ಲೆ' ಅಂತ ನಾಲ್ಕು ಜನರೆದುರಿಗೆ ಬೈದು ಕೊಡ್ಬೇಕು. ನಂಗಷ್ಟೇ ಸಾಕು."